ಅನ್ನ ಬೆಟ್ಟದ ಮೇಲೆ: ವೆಂಡೋವರ್ ನಡಿಗೆ, ನನ್ನ ಅನುಭವ

ಊರಿಂದ ಆರು ತಿಂಗಳ ವೀಸಾದಲ್ಲಿ ಬಂದ ಅಪ್ಪ ಅಮ್ಮಂದಿರು, ತಳ್ಳುಗಾಡಿ ಬಿಟ್ಟು ಈಗಷ್ಟೇ ಕಾಲೂರಿದ ಮಕ್ಕಳು, ಶನಿವಾರ ಹತ್ತಕ್ಕೆ ಮುಂಚೆ ಹಾಸಿಗೆ ಬಿಡದ ಐಟಿ ಗಂಡಸರು. ಇಷ್ಟೂ ಜನರನ್ನು ರೈಲಿನಲ್ಲಿ ಲಂಡನ್ನಿನ ವಾಯುವ್ಯಕ್ಕೆ ಬೆಟ್ಟದ ಬುಡದಲ್ಲಿರುವ ವೆಂಡೋವರಿಗೆ ಒಯ್ದು, ಕೂಮ್ ಹಿಲ್ ತುದಿ ಮುಟ್ಟಿಸಿ, ಸಂಜೆಯೊಳಗೆ ಲಂಡನ್ನಿನ ಹ್ಯಾರೋದ ಮನೆಗಳಿಗೆ ಸೇರಿಸಬಹುದು ಅಂದಾಗ ನಮ್ಮ ಗುಂಪಿನಲ್ಲಿ ನಕ್ಕವರೇ ಹೆಚ್ಚು. “ನಮ್ಮವರು ನಡೆಯೋದು ಕಾರ್ ಪಾರ್ಕಿನಿಂದ ದೇವಸ್ಥಾನದ ಬಾಗಿಲವರೆಗೆ ಮಾತ್ರ ಕಣ್ರೀ” ಅಂತ ಒಬ್ಬ ಹಿರಿಯರು ಎಲ್ಲರೆದುರು ಹೇಳಿದರು. ಈಗ ಅವರೇ ಫೋನ್ ಮಾಡಿ “ಮುಂದಿನ ನಡಿಗೆ ಯಾವತ್ತು? ನಮ್ಮ ಮನೆಯಿಂದ ನಾಲ್ಕು ಹೆಸರು ಬರ್ಕೊಳ್ಳಿ” ಅಂತಾರೆ. ಮ್ಯಾಪ್ ಓದೋದು, ಬೂಟು ಆರಿಸೋದು ಇದೆಲ್ಲ ಇಲ್ಲಿ ಹೇಳಲ್ಲ. ಗುಂಪು ಕಟ್ಟಿಕೊಂಡು ನಡೆಸುವವರಿಗೆ ಅದು ಗೊತ್ತಿರೋದೇ.

ಮೊದಲು ಕೈಕೊಟ್ಟದ್ದು ಬಾಡಿಗೆ ಬಸ್ಸು. ಮೂವತ್ತು ಸೀಟಿನದು, ಐನೂರು ಪೌಂಡಿನ ಆಸುಪಾಸು. ಹಿಂದಿನ ರಾತ್ರಿ “ಮಗುಗೆ ಕೆಮ್ಮು”, “ಅತ್ತೆಗೆ ಮಂಡಿ ನೋವು” ಅಂತ ಮೆಸೇಜುಗಳು ಶುರುವಾಗಿ, ಬೆಳಿಗ್ಗೆ ಬಂದವರು ಅರ್ಧಕ್ಕರ್ಧ. ಬಾಕಿ ದುಡ್ಡು ನನ್ನ ಜೇಬಿಂದ. ಬಸ್ಸಿನವನು ಬೆಟ್ಟದ ಸಣ್ಣ ರಸ್ತೆಗೆ ಬರೋಕೆ ಒಪ್ಪದೆ ಊರಲ್ಲೇ ಇಳಿಸಿ ಹೋದ. ಅಲ್ಲಿಗೆ ಬಸ್ಸಿನ ಕಥೆ ಮುಗೀತು.

ಆಮೇಲೆ ರೈಲು. ಮ್ಯಾರಿಲ್‌ಬೋನ್‌ನಿಂದ ಆಮರ್‌ಶಮ್ ಮೇಲೆ ಐಲ್ಸ್‌ಬರಿಗೆ ಹೋಗುವ ಗಾಡಿ ಹ್ಯಾರೋ-ಆನ್-ದ-ಹಿಲ್‌ನಲ್ಲಿ ನಿಲ್ಲುತ್ತೆ, ವೆಂಡೋವರ್ ಸ್ಟೇಷನ್ನಿನಿಂದ ಹೊರಗೆ ಬಂದರೆ ಆಗಲೇ ಊರೂರು ದಾಟಿ ಸಾಗುವ ರಿಡ್ಜ್‌ವೇ ಹಾದಿ. ಇಷ್ಟು ಅನುಕೂಲದ ಬೆಟ್ಟದೂರು ಇಲ್ಲಿನ ಬೆಟ್ಟಸಾಲಾದ ಚಿಲ್ಟರ್ನ್ಸ್‌ನಲ್ಲಿ ಕಡಿಮೆ. ಆದರೆ ಹಾದಿಯನ್ನು ಎಲ್ಲರೂ ಹಾಕುವ ಹಾಗೆ ಒಂದೇ ದೊಡ್ಡ ಸುತ್ತು ಹಾಕಿದ್ದೆ: ಬೇಕಮ್ ಹಿಲ್ ಹತ್ತಿ, ಕೂಮ್ ಹಿಲ್ ತುದಿಯ ಯುದ್ಧ ಸ್ಮಾರಕ, ಅಲ್ಲಿಂದ ಕಾಡಿನೊಳಗೆ ಬಳಸಿಕೊಂಡು ಮತ್ತೆ ಊರಿಗೆ, ಐದಾರು ಮೈಲಿ. ಒಂದೇ ಸುತ್ತು ಅಂದರೆ ಅತಿ ನಿಧಾನದವರ ಕಾಲೇ ಎಲ್ಲರ ಕಾಲು. ಅರ್ಧ ದಾರಿಯಲ್ಲಿ ಸಾಕಾಯ್ತು ಅನ್ನೋರಿಗೆ ಹಿಂದಿರುಗಿದರೂ ಅಷ್ಟೇ ದೂರ, ಮುಂದೆ ಹೋದರೂ ಅಷ್ಟೇ ದೂರ. ಬೆಟ್ಟದ ಮೇಲೆ ಟಾಯ್ಲೆಟ್ ಇಲ್ಲ, ನೆರಳಿಗೆ ಚಾವಣಿ ಇಲ್ಲ. ಹಿರಿಯರನ್ನು ಕೆಳಗೆ ಕಾಫಿ ಅಂಗಡಿಯಲ್ಲಿ ಕೂರಿಸಿ ಹೋಗೋದನ್ನೂ ನೋಡಿದ್ದಾಯ್ತು. ಮೂರು ಗಂಟೆ ಕಾದು ಬೇಸತ್ತ ಮಾವನವರು “ಇಷ್ಟಕ್ಕೆ ಮನೇಲೇ ಇರ್ತಿದ್ದೆ” ಅಂದದ್ದು ಇನ್ನೂ ಕಿವಿಯಲ್ಲಿದೆ.

ಗೆದ್ದದ್ದು ಕನ್ನಡದ ಎಂಟರ ಆಕಾರವಲ್ಲ, ಇಂಗ್ಲಿಷಿನ ಎಂಟು. ಎರಡು ಸುತ್ತು, ನಡುವಿನ ಗಂಟು ವೆಂಡೋವರ್ ಊರು. ಬೆಳಗಿನ ಸುತ್ತು ಚಪ್ಪಟೆ, ಎಲ್ಲರಿಗೂ. ಹೈ ಸ್ಟ್ರೀಟಿನ ಕೆಳಗೆ ಗಡಿಯಾರದ ಗೋಪುರದ ಹತ್ತಿರದಿಂದ ಹೆರನ್ ಪಾತ್ ಹಿಡಿದರೆ ಪಕ್ಕದಲ್ಲೇ ಸಣ್ಣ ಹೊಳೆ, ಹ್ಯಾಂಪ್ಡನ್ ಕೊಳ, ಸೇಂಟ್ ಮೇರಿ ಚರ್ಚು. ತಳ್ಳುಗಾಡಿಯೂ ಹೋಗುತ್ತೆ. ಬಾತುಕೋಳಿ ನೋಡುತ್ತ ಮಕ್ಕಳು, ಮಾತಾಡುತ್ತ ಅಜ್ಜಿಯರು, ಗಂಟೆಯೊಳಗೆ ಮತ್ತೆ ಊರು. ಟಾಯ್ಲೆಟ್, ತಲೆಗೊಂದು ಚಪಾತಿ ಸುರುಳಿ, ಅಷ್ಟೇ. ಹೊಟ್ಟೆ ತುಂಬ ಕೊಡಬಾರದು.

ಗುಟ್ಟು ಇಲ್ಲಿರೋದು. ಕೂಮ್ ಹಿಲ್ 260 ಮೀಟರ್ ಇದ್ದರೂ ಅದರ ಹಿಂಬದಿಯಲ್ಲಿ ಬೆಟ್ಟವನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಕಾರ್ ಪಾರ್ಕ್ ಇದೆ, ಅಲ್ಲಿಂದ ಸ್ಮಾರಕದವರೆಗೆ ಹೆಚ್ಚುಕಮ್ಮಿ ಸಮತಟ್ಟು. ಊರಿಂದ ಟ್ಯಾಕ್ಸಿ ಮಾಡಿ ಹಿರಿಯರನ್ನು ಅಲ್ಲಿಗೆ ಕಳಿಸ್ತೀನಿ, ಅವರ ಜೊತೆಗೆ ಊಟದ ಡಬ್ಬಿಗಳನ್ನೂ. ಚಿತ್ರಾನ್ನ, ಮೊಸರನ್ನ, ಮಿಡಿ ಉಪ್ಪಿನಕಾಯಿ, ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ, ಎಲ್ಲವೂ ಮೇಲೆ. ಕೆಳಗೆ ಉಳಿದವರಿಗೆ ಬೇರೆ ದಾರಿ ಇಲ್ಲ, ಹತ್ತಲೇಬೇಕು. ಚಾಮುಂಡಿ ಬೆಟ್ಟದಲ್ಲಿ ಮೆಟ್ಟಿಲು ಹತ್ತಿದವರೂ ಬಸ್ಸಲ್ಲಿ ಬಂದವರೂ ಒಂದೇ ಬಾಗಿಲಲ್ಲಿ ಸೇರುವ ಹಾಗೆ, ಇಲ್ಲಿ ಸ್ಮಾರಕದ ಬುಡದಲ್ಲಿ ಎಲ್ಲರೂ ಸೇರ್ತಾರೆ. ಹಿರಿಯರಿಗೆ ಕಾಯಿಸಿಕೊಂಡ ಬೇಜಾರಿಲ್ಲ, ಬಡಿಸುವ ಅಧಿಕಾರ ಅವರದು. “ಬೇಗ ಬನ್ನಿ, ಮೊಸರನ್ನ ಹುಳಿ ಬರುತ್ತೆ” ಅಂತ ಮೇಲಿಂದ ಫೋನ್ ಬರೋಕೆ ಶುರುವಾದ ಮೇಲೆ ದಾರಿಯಲ್ಲಿ ಕೂತು ಮೊಬೈಲ್ ನೋಡುವ ಹುಡುಗರೂ ಎದ್ದರು.

ಸ್ಕಾಟ್ಲೆಂಡಿನ ಬೆಟ್ಟ ಹತ್ತುಗ ನೇಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ, ಗಂಟೆಗೆ ಮೂರು ಮೈಲಿ ಮತ್ತು ಎರಡು ಸಾವಿರ ಅಡಿ ಏರಿಗೆ ಇನ್ನೊಂದು ಗಂಟೆ, ನಮ್ಮ ಗುಂಪಿಗೆ ಹೊಂದಲ್ಲ. ಸ್ಟೇಷನ್ನಿನಿಂದ ಸ್ಮಾರಕಕ್ಕೆ ಒಂದೂವರೆ ಮೈಲಿ ಚಿಲ್ಲರೆ. ಆ ಲೆಕ್ಕದಲ್ಲಿ ಮುಕ್ಕಾಲು ಗಂಟೆಗೆ ಮುಗಿಯಬೇಕು. ನಾನು ಎರಡು ಪಟ್ಟು ಹಾಕ್ತೀನಿ, ಫೋಟೋಗೆ ಬೇರೆ ಹತ್ತು ನಿಮಿಷ. ಅದಕ್ಕಿಂತ ಬೇಗ ತಲುಪಿದರೆ ಕೀರ್ತಿ ನನಗೇ.

ನೆಲದ ವಿಷಯ ಒಂದು ಮಾತು. ಇದು ಸೀಮೆಸುಣ್ಣದ ಬೆಟ್ಟ, ಮಳೆನೀರು ಮೇಲೆ ನಿಲ್ಲದೆ ಒಳಗಿಳಿದು ಬೆಟ್ಟದ ಬುಡದಲ್ಲಿ ಊಟೆಯಾಗಿ ಬರುತ್ತೆ. ವೆಂಡೋವರ್ ಥರದ ಊರುಗಳು ಆ ಬುಡದುದ್ದಕ್ಕೇ ಕೂತಿರೋದು. ಹಾಗಾಗಿ ಮೇಲೆ ಒಣಗಿರುತ್ತೆ ಅಂತ ಹೊಸಬರ ನಂಬಿಕೆ. ಇಳಿಜಾರಿನ ಹುಲ್ಲುಗಾವಲಿನಲ್ಲಿ ಅದು ನಿಜ. ಆದರೆ ನೆತ್ತಿಯ ಬೀಚ್ ಕಾಡುಗಳಲ್ಲಿ ಸುಣ್ಣದ ಮೇಲೆ ಚಕಮಕಿ ಕಲ್ಲು ಬೆರೆತ ಜೇಡಿಯ ಹೊದಿಕೆ ಇದೆ. ಫೆಬ್ರವರಿಯಲ್ಲಿ ಅದು ಬೂಟಿಗೆ ಕಚ್ಚಿದರೆ ಒಂದೊಂದು ಕಾಲು ಒಂದೊಂದು ಕಿಲೋ. ಇನ್ನೊಂದು ಕಡೆ, ಹುಲ್ಲು ಸವೆದು ಬಿಳಿ ಸುಣ್ಣ ತೇಲಿದ ಕಡಿದಾದ ಹಾದಿ ಒಂದು ಹನಿ ಬಿದ್ದರೆ ಸೋಪು. ಆದ್ದರಿಂದ ನನ್ನ ನಿಯಮ: ಕಡಿದಾದ ಬದಿಯಲ್ಲಿ ಹತ್ತು, ಓರೆ ಬದಿಯಲ್ಲಿ ಇಳಿ. ಹತ್ತುವಾಗ ಜಾರಿದರೆ ಮಂಡಿ ಊರಿ ನಿಲ್ಲಬಹುದು, ಇಳಿಯುವಾಗ ಜಾರಿದರೆ ಸೊಂಟ. ಡನ್ಸ್‌ಮೋರ್ ಹಳ್ಳಿಯ ಕಡೆಯಿಂದ ಬಳಸಿ ಇಳಿಯುವ ನನ್ನ ಹಾದಿಯ ತಿರುವುಗಳನ್ನು ಮಾತ್ರ ಇಲ್ಲಿ ಬರೆಯಲ್ಲ, ಜೊತೆಗೆ ಬಂದು ನೋಡಿ.

ಊರಿಂದ ಬಂದವರಿಗೆ ಬೆಟ್ಟಕ್ಕಿಂತ ಹೆಚ್ಚು ಭಯ ಬೇರೆಯವರ ಹೊಲ ದಾಟೋದಕ್ಕೆ. “ಯಾರದೋ ಗೋಧಿ ತುಳ್ಕೊಂಡು ಹೋಗ್ತಿದ್ದೀವಲ್ಲೋ, ಬೈದರೆ?” ಹಳದಿ ಬಾಣ ಕಂಡರೆ ಸಾರ್ವಜನಿಕರ ಕಾಲುದಾರಿ, ನೀಲಿ ಕಂಡರೆ ಕುದುರೆಗೂ ಹಕ್ಕು, ಉತ್ತರೂ ಬಿತ್ತಿದರೂ ರೈತ ಆ ದಾರಿಯನ್ನು ಮತ್ತೆ ಬಿಡಿಸಿಕೊಡಲೇಬೇಕು ಅಂತ ಮೊದಲ ಗೇಟಿನಲ್ಲೇ ಹೇಳಿಬಿಡ್ತೀನಿ. ತಿಪಟೂರು ಕಡೆಯ ಒಬ್ಬ ಯಜಮಾನರು ಇದನ್ನು ಕೇಳಿ, ತಮ್ಮ ಊರಿನ ಬಂಡಿದಾರಿ ಜಗಳದ ಕೋರ್ಟ್ ಕಥೆಯನ್ನು ತುದಿಯವರೆಗೂ ಹೇಳಿದರು. ಅವರಿಗೆ ಏರು ಗೊತ್ತೇ ಆಗಲಿಲ್ಲ. ಕರು ಜೊತೆಗಿರುವ ಹಸುಗಳ ಮಂದೆ ಕಂಡರೆ ಮಾತ್ರ ಹಕ್ಕು ಪಕ್ಕಕ್ಕಿಟ್ಟು ದೂರದಿಂದ ಸುತ್ತಿ ಹೋಗಿ. ಹೊಸ ಹೈಸ್ಪೀಡ್ ರೈಲಿನ ಕಾಮಗಾರಿ ಊರಿನ ಪಕ್ಕದಲ್ಲೇ ಇರೋದರಿಂದ ಕೆಲವು ಕಾಲುದಾರಿಗಳನ್ನು ತಿರುಗಿಸಿದ್ದಾರೆ. ಎಕ್ಸ್‌ಪ್ಲೋರರ್ 181 ನಕಾಶೆ ಒಂದು ಹೇಳಿದರೆ ಬೇಲಿ ಮೇಲಿನ ನೋಟೀಸು ಇನ್ನೊಂದು ಹೇಳುತ್ತೆ. ನೋಟೀಸೇ ಸರಿ. ವಾರ ಮುಂಚೆ ಒಬ್ಬನೇ ಹೋಗಿ ನೋಡಿಕೊಂಡು ಬರದೆ ಗುಂಪು ಕರೆದೊಯ್ಯಬೇಡಿ.

ಮೇಲೆ ತಲುಪಿದವರನ್ನು ಹಿಡಿದಿಡೋಕೆ ಎರಡು ಸರಕು ಇವೆ. ಒಂದು ರೆಡ್ ಕೈಟ್ ಹದ್ದು. ಇಲ್ಲಿ ಪೂರ್ತಿ ಅಳಿದಿದ್ದ ಇದನ್ನು 1989ರಿಂದ 1994ರ ನಡುವೆ ಸ್ಪೇನಿನಿಂದ ತಂದು ಚಿಲ್ಟರ್ನ್ಸ್‌ನಲ್ಲಿ ಬಿಟ್ಟರು, ಈಗ ತಲೆ ಎತ್ತಿದರೆ ಎರಡಾದರೂ ಇರುತ್ತೆ. ಕೆಂಗಂದು ಮೈ ನೋಡಿ ಅಜ್ಜಿಯರು “ಗರುಡ!” ಅಂತ ಕೈಮುಗಿದರು, ಅದೂ ಶನಿವಾರ. ಕವಲು ಬಾಲ ನೋಡಿ, ಇದು ನಮ್ಮ ಗರುಡ ಅಲ್ಲ ಅಂತ ಹೇಳಬೇಕೆನಿಸಿದರೂ ಸುಮ್ಮನಿದ್ದೆ. ಇನ್ನೊಂದು, ಸ್ಮಾರಕದಿಂದ ಕಾಣುವ ಚೆಕರ್ಸ್, ಪ್ರಧಾನಿಗಳ ಹಳ್ಳಿಮನೆ. 1921ರಿಂದ ಪ್ರಧಾನಿಗಳು ಅಲ್ಲಿಗೆ ಬರ್ತಿದ್ದಾರೆ. ರಿಡ್ಜ್‌ವೇ ಮುಂದಕ್ಕೆ ಅವರ ಅಂಗಳದ ರಸ್ತೆಯನ್ನೇ ಅಡ್ಡ ಹಾಯುತ್ತೆ, ಆದರೆ ಹಾದಿ ಬಿಟ್ಟು ಒಳಕ್ಕೆ ಹೋದರೆ ಕ್ರಿಮಿನಲ್ ಅಪರಾಧ. ಸ್ಮಾರಕವೂ ಕಡಿಮೆಯದಲ್ಲ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಸತ್ತ ಈ ಜಿಲ್ಲೆಯವರಿಗಾಗಿ 1904ರಲ್ಲಿ ಎತ್ತಿದ್ದು, 1938ರಲ್ಲಿ ಸಿಡಿಲಿಗೆ ಹಾಳಾಗಿ ಮತ್ತೆ ಕಟ್ಟಿದ್ದು. ಗುಡುಗಿನ ಮುನ್ಸೂಚನೆ ಇದ್ದರೆ ನಾನು ನಡಿಗೆಯನ್ನೇ ಮುಂದಕ್ಕೆ ಹಾಕೋದು ಇದೇ ಕಾರಣಕ್ಕೆ.

ಇತಿಹಾಸದ ಮೇಷ್ಟ್ರಾಗಿದ್ದ ಮಾವನವರಿಗೆ ಇವು ಯಾವುವೂ ಹಿಡಿಸಲಿಲ್ಲ. ಅವರನ್ನು ಒಲಿಸಿದ್ದು ಎಡ್ಮಂಡ್ ಬರ್ಕ್. ವಾರನ್ ಹೇಸ್ಟಿಂಗ್ಸನ ಮೇಲೆ ದೋಷಾರೋಪ ಹೊರಿಸಿದ ಆ ಮನುಷ್ಯ 1765ರಲ್ಲಿ ಮೊದಲು ಪಾರ್ಲಿಮೆಂಟಿಗೆ ಆಯ್ಕೆಯಾದದ್ದು ಇದೇ ವೆಂಡೋವರಿನ ಸದಸ್ಯನಾಗಿ. 1785ರಲ್ಲಿ ಆರ್ಕಾಟು ನವಾಬನ ಸಾಲದ ಬಗ್ಗೆ ಮಾತಾಡುತ್ತ ಹೈದರಾಲಿ ಕರ್ನಾಟಿಕ್ ಸೀಮೆಯ ಮೇಲೆ ಎರಗಿದ್ದನ್ನು ಅವನು ಬಣ್ಣಿಸಿದ ಭಾಷಣ ಮಾವನವರಿಗೆ ಮೊದಲೇ ಗೊತ್ತಿತ್ತು. ಈಗ ಬೆಳಗಿನ ಸುತ್ತಿನಲ್ಲಿ ಹೈ ಸ್ಟ್ರೀಟಿನಲ್ಲೇ ನಿಂತು ಪಾಠ ಶುರು ಮಾಡ್ತಾರೆ. ಅವರಿಗೆ ಹದಿನೈದು ನಿಮಿಷ ಬೇರೆ ಇಟ್ಟಿದ್ದೀನಿ.

ಮಧ್ಯೆ ಒಂದು ಅಡ್ಡ ಪ್ರಯೋಗ. ಮಾರ್ಚ್ ಕೊನೆಗೆ ಬೇಲಿಯುದ್ದಕ್ಕೂ ತುರಿಕೆ ಗಿಡದ ಎಳೆ ಚಿಗುರು. ಮಲೆನಾಡಿನ ಒಬ್ಬ ಅಮ್ಮ “ಬೇಯಿಸಿದರೆ ಕಡಿತ ಹೋಗುತ್ತೆ” ಅಂತ ಅಂದದ್ದಕ್ಕೆ ಅಡುಗೆಮನೆಯ ರಬ್ಬರ್ ಗ್ಲೌಸ್ ಹಾಕಿಕೊಂಡು ಒಂದು ಚೀಲ ತುದಿ ಚಿವುಟಿ ತಂದು ತೊಗರಿಬೇಳೆ ಜೊತೆ ಬಸ್ಸಾರು ಮಾಡಿದ್ವಿ. ರುಚಿ ಪಾಲಕ್ ಮತ್ತು ಕೀರೆ ಸೊಪ್ಪಿನ ನಡುವೆ. ಒಂದು ಚೀಲ ಬೆಂದು ಒಂದು ಹಿಡಿ ಆಗುತ್ತೆ, ಜಾಸ್ತಿ ಕೀಳಿ. ಕಾಡುಬೆಳ್ಳುಳ್ಳಿ ಎಲೆಗೆ ಮಾತ್ರ ಕೈಹಾಕಲಿಲ್ಲ, ಅದರ ಜೊತೆಯಲ್ಲೇ ವಿಷದ ಎಲೆಯೊಂದು ಬೆಳೆಯುತ್ತೆ, ಮಕ್ಕಳಿರುವ ಗುಂಪಿಗೆ ಬೇಡ. ಮೊಣಕಾಲು ತೀರಾ ಹೋದವರಿಗಾಗಿ ಹಳೇ ಕಾಲುವೆ ದಂಡೆಯ ಹಾದಿಯನ್ನೂ ಹಾಲ್ಟನ್‌ವರೆಗೆ ನಡೆದು ನೋಡಿದೆ. ದೊಡ್ಡ ಕಾಲುವೆಗೆ ನೀರು ತರೋಕೆ ಕಟ್ಟಿದ ಈ ಕಾಲುವೆಯೇ ಸೋರಿ ಸೋರಿ ದೋಣಿಗೆ ಮುಚ್ಚಿಹೋದದ್ದು. ನಡೆಯೋಕೆ ಚೆನ್ನ, ಆದರೆ ಊಟಕ್ಕೆ ತುದಿಯಿಲ್ಲ, ಅದಕ್ಕೆ ಗುಂಪು ಕೂಡಲಿಲ್ಲ.

ದುಡ್ಡು. ರೈಲಿಗೆ ಮೂವರಿಂದ ಒಂಬತ್ತು ಜನರ ಗುಂಪಿನ ರಿಯಾಯಿತಿ, ಮೂರನೇ ಒಂದು ಪಾಲು ಕಡಿತ. ಇಪ್ಪತ್ತು ಜನರಿದ್ದರೆ ಮೂರು ಗುಂಪು ಮಾಡಿ ಟಿಕೆಟ್ ತೆಗೀರಿ. ಟ್ಯಾಕ್ಸಿಗಳು ಎರಡು ಸರದಿಗೆ ಸೇರಿ ಅರವತ್ತು ಪೌಂಡಿನ ಹತ್ತಿರ. ಊಟಕ್ಕೆ ತಲೆಗೆ ಎರಡೂವರೆ, ಅಕ್ಕಿ ಮನೆಮನೆಯಿಂದ ಬಂದರೆ ಇನ್ನೂ ಕಡಿಮೆ. ಎಲ್ಲ ಕೂಡಿ ದೊಡ್ಡವರಿಗೆ ಹದಿನೈದು ಪೌಂಡಿನ ಆಚೀಚೆ. ಐದು ಪೌಂಡ್ ಮುಂಗಡ, ಬರದಿದ್ದರೆ ವಾಪಸ್ ಇಲ್ಲ. ಈ ಒಂದು ನಿಯಮ ಬಂದ ಮೇಲೆ ಶುಕ್ರವಾರ ರಾತ್ರಿಯ ಕೆಮ್ಮು ಬಹುಪಾಲು ವಾಸಿಯಾಯ್ತು. ಟ್ಯಾಕ್ಸಿಯವರನ್ನು ಶನಿವಾರ ಮಧ್ಯಾಹ್ನ ಅದೇ ದರಕ್ಕೆ ಹೇಗೆ ಒಪ್ಪಿಸ್ತೀನಿ ಅನ್ನೋದು, ಏಪ್ರಿಲ್ ಕೊನೆಗೆ ಬ್ಲೂಬೆಲ್ ಹೂ ಜನಸಂದಣಿ ಇಲ್ಲದೆ ಎಲ್ಲಿ ಸಿಗುತ್ತೆ ಅನ್ನೋದು, ಇವೆರಡು ನನ್ನ ಹತ್ತಿರವೇ ಇರಲಿ.

ಇದೇ ಪದ್ಧತಿಯನ್ನು ಈಗ ರಿಡ್ಜ್‌ವೇಯ ಕೊನೆಯ ತುದಿ ಐವಿಂಗೋ ಬೀಕನ್‌ಗೆ ಹಾಕಿ ನೋಡ್ತಿದ್ದೀನಿ. ಅಲ್ಲೂ ಮೇಲಿನವರೆಗೆ ಕಾರು ಹತ್ತಿರ ಹೋಗುತ್ತೆ, ನೋಟ ಕೂಮ್ ಹಿಲ್‌ಗಿಂತ ಬಿಚ್ಚು. ತೊಡಕಿರೋದು ಗಂಟಿನಲ್ಲಿ: ಟ್ರಿಂಗ್ ಸ್ಟೇಷನ್ ಊರಿಂದ ಹೊರಗೆ ಬಯಲಲ್ಲಿದೆ, ಎಂಟರ ನಡುವೆ ಊರೇ ಇಲ್ಲ, ಗಾಳಿಗೆ ಚಿತ್ರಾನ್ನದ ತಟ್ಟೆ ನಿಲ್ಲಲ್ಲ. ಬೆಳಗಿನ ಚಪ್ಪಟೆ ಸುತ್ತನ್ನು ಗ್ರ್ಯಾಂಡ್ ಯೂನಿಯನ್ ಕಾಲುವೆ ದಂಡೆಗೆ ಹಾಕಬಹುದು ಅನಿಸಿದೆ. ಆ ಕಡೆ ಗುಂಪು ನಡೆಸಿದವರು ಯಾರಾದರೂ ಇದ್ದರೆ, ಟಾಯ್ಲೆಟ್ ಎಲ್ಲಿ ಸಿಕ್ಕಿತು ಅಂತ ಹೇಳಿ.