ಸೋಮವಾರ ಬೆಳಗ್ಗೆ ಏನು ಮಾಡೋದು?

2019ರ ಆಗಸ್ಟ್. ಕಬಡ್ಡಿ ಪಂದ್ಯ ಮುಗಿಯಲು ಇನ್ನು 6 ನಿಮಿಷ. ಡು ಆರ್ ಡೈ ರೈಡ್, ಅಂದರೆ ಪಾಯಿಂಟ್ ತರದಿದ್ದರೆ ರೈಡರ್ ಔಟ್. ನಾನು ಒಳಗೆ ಹೋಗಿ ಕಾಲು ಚಾಚಿದೆ. ಎಡ ಕಾರ್ನರ್‌ನಲ್ಲಿದ್ದ ಹುಡುಗ ಆ್ಯಂಕಲ್ ಹಿಡಿದ. ಇದು ದಿನಾ ಆಗುವ ವಿಷಯ. ಹಿಡಿದ ಕಾಲನ್ನು ಎಳೆದುಕೊಂಡು ಮೈ ತಿರುಗಿಸಿ ಮಧ್ಯದ ಗೆರೆ ಕಡೆ ಬೀಳುವುದು ರೈಡರ್‌ಗೆ ನಿದ್ದೆಯಲ್ಲೂ ಗೊತ್ತಿರುತ್ತೆ. ಅವತ್ತು ಮೈ ತಿರುಗಿತು, ಮಂಡಿ ತಿರುಗಲಿಲ್ಲ. ನೋವಿಗಿಂತ ಮೊದಲು ಒಳಗಿನಿಂದ ‘ಟಪ್’ ಅಂತ ಸದ್ದು ಕೇಳಿಸಿತು.

ಮಂಡಿಯೊಳಗಿನ ಎಸಿಎಲ್ ಅನ್ನುವ ಲಿಗಮೆಂಟ್ ಪೂರ್ತಿ ಹರಿದಿತ್ತು. ಆಗ ನನಗೆ 23 ವರ್ಷ.

ಅವತ್ತು ರಾತ್ರಿ ಆಸ್ಪತ್ರೆಯಲ್ಲಿ ಎಂಆರ್‌ಐಗೆ ಕಾಯುತ್ತಾ ಮಲಗಿದ್ದಾಗ ನನ್ನ ಕಿಟ್ ಬ್ಯಾಗ್ ಪಕ್ಕದಲ್ಲೇ ಇತ್ತು. ಅದರಲ್ಲಿ ಶೂ, ನೀಕ್ಯಾಪ್, ಟೇಪು. ಅವುಗಳ ಕೆಳಗೆ ಅರ್ಧ ಬರೆದ ಬಿ.ಕಾಂ. ಅಸೈನ್‌ಮೆಂಟ್. ಅದನ್ನು ಮುಟ್ಟಿ ನೋಡಿದೆ. ತುಂಬಾ ಅತ್ತೆ, ನಿಜ. ಆದರೆ ಎಲ್ಲಾ ಮುಗಿದುಹೋಯಿತು ಅಂತ ಅನ್ನಿಸಲಿಲ್ಲ. ಆ ಕಾಗದಗಳು ಬ್ಯಾಗಿಗೆ ಹೇಗೆ ಬಂದವು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈಗ ಆಡುತ್ತಿರುವ ಹುಡುಗರು ಓದಲಿ ಅಂತ.

ನಾನು ಮಂಡ್ಯ ಜಿಲ್ಲೆಯವನು. ನಮ್ಮ ಕಡೆ ಕೊಯ್ಲು ಮುಗಿದ ಮೇಲೆ ಊರೂರಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ನಡೆಯುತ್ತೆ. ಗೆದ್ದ ತಂಡಕ್ಕೆ ದುಡ್ಡಿನ ಜೊತೆ ಒಂದು ಟಗರು. ನಾನು ಚಿಕ್ಕವನಿದ್ದಾಗ ನಮ್ಮ ಸೀಮೆಯಲ್ಲಿ ಒಬ್ಬ ರೈಡರ್ ಇದ್ದರು. ಅವರ ಹೆಸರು ಬರೆಯುವುದಿಲ್ಲ, ಅಣ್ಣ ಅಂತಲೇ ಕರೆಯುತ್ತೇನೆ. ಅವರು ಬರ್ತಾರೆ ಅಂದರೆ ಅಕ್ಕಪಕ್ಕದ ಊರಿನವರು ಟ್ರ್ಯಾಕ್ಟರ್ ಮಾಡಿಕೊಂಡು ಬರುತ್ತಿದ್ದರು. ಅವರ ತೋಳಿಗೆ ನೇತುಬಿದ್ದು ಬೆಳೆದವನು ನಾನು.

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಅಷ್ಟರಲ್ಲಿ ಅಣ್ಣನ ಭುಜ ಎರಡು ಸಲ ಕೀಲು ತಪ್ಪಿತ್ತು, ವಯಸ್ಸೂ ಆಗಿತ್ತು. 2017ರಲ್ಲಿ ಲೀಗ್ 8 ತಂಡಗಳಿಂದ 12 ತಂಡಗಳಿಗೆ ಬೆಳೆದಾಗ ನನ್ನಂಥ ಹೊಸಬರಿಗೆ ಬಾಗಿಲು ತೆರೆಯಿತು. ನನಗೆ 8 ಲಕ್ಷದ ಕಾಂಟ್ರ್ಯಾಕ್ಟ್ ಸಿಕ್ಕಿತು. ಊರಲ್ಲಿ ಬ್ಯಾನರ್ ಕಟ್ಟಿದರು. ಸಿಹಿ ತೆಗೆದುಕೊಂಡು ಅಣ್ಣನ ಮನೆಗೆ ಹೋದೆ. ಅವರು ಆಗ ಬೇರೆಯವರ ಗೂಡ್ಸ್ ಆಟೋ ಓಡಿಸುತ್ತಿದ್ದರು, ಕೆಲಸ ಇದ್ದ ದಿನ. ಇಲ್ಲದ ದಿನ ಕುಡಿಯುತ್ತಿದ್ದರು.

ಸಿಹಿ ತಿಂದು ಸುಮ್ಮನೆ ಕೂತಿದ್ದರು. ಆಮೇಲೆ ಹೇಳಿದರು: “ನಂಗೆ ಭಾನುವಾರದ ಮ್ಯಾಚ್‌ಗೆ ಎಲ್ಲಾ ಗೊತ್ತಿತ್ತು ಕಣೋ. ಸೋಮವಾರ ಬೆಳಗ್ಗೆ ಎದ್ದು ಏನ್ ಮಾಡ್ಬೇಕು ಅಂತ ಮಾತ್ರ ಗೊತ್ತಿರ್ಲಿಲ್ಲ. ನೀನು ಈಗ್ಲೇ ನೋಡ್ಕೊ.”

ಆ ಮಾತು ಕೇಳಿದ ಮೇಲೆ ನಾನು ಕ್ಯಾಂಪಿಗೆ ಹೋಗುವ ಮೊದಲೇ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ.ಗೆ ಸೇರಿದೆ. ಪಿಯುಸಿ ಆದಮೇಲೆ ಓದು ಬಿಟ್ಟಿದ್ದೆ. ದೂರಶಿಕ್ಷಣವೇ ಯಾಕೆ ಅಂದರೆ, ಮೂರು ವರ್ಷದ ಕೋರ್ಸನ್ನು ಆರು ವರ್ಷದವರೆಗೂ ಮುಗಿಸಬಹುದಿತ್ತು. ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ನಲ್ಲಿ ಎರಡು ಸಲ ಇರುತ್ತೆ. ಒಂದು ತಪ್ಪಿದರೆ ಇನ್ನೊಂದು. ನಮ್ಮ ಕ್ಯಾಲೆಂಡರ್ ನಮ್ಮ ಕೈಯಲ್ಲಿ ಇರಲ್ಲ ನೋಡಿ. 2017ರ ಸೀಸನ್ ಜುಲೈನಿಂದ ಅಕ್ಟೋಬರ್‌ವರೆಗೆ ನಡೆಯಿತು. ಮುಂದಿನ ಸೀಸನ್ 2018ರ ಅಕ್ಟೋಬರ್‌ನಿಂದ 2019ರ ಜನವರಿವರೆಗೆ. ಆ ಡಿಸೆಂಬರ್ ಪರೀಕ್ಷೆ ಪೂರ್ತಿ ಹೋಯಿತು. ಬಿಟ್ಟ ಪೇಪರ್‌ಗಳನ್ನು ಜೂನ್‌ನಲ್ಲಿ ಬರೆದೆ.

ಅಸೈನ್‌ಮೆಂಟ್ ಕೈಯಲ್ಲೇ ಬರೆಯಬೇಕು. ಹೋಟೆಲ್ ರೂಮಿನಲ್ಲಿ ಕಾಲಿಗೆ ಐಸ್ ಕಟ್ಟಿಕೊಂಡು, ದಿಂಬಿನ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೆ. ಐಸ್ ಕರಗಿ ಹಾಳೆ ಒದ್ದೆಯಾಗಿ ಎಷ್ಟೋ ಸಲ ಮತ್ತೆ ಬರೆದಿದ್ದೇನೆ. ರೂಮ್‌ಮೇಟ್ ಹರಿಯಾಣದ ಡಿಫೆಂಡರ್. ಅವನಿಗೆ ಮನೆಯಲ್ಲಿ ಎಮ್ಮೆಗಳಿದ್ದವು. ಹಾಲಿನ ಲೆಕ್ಕ ಬರೆಯುವುದನ್ನು ನನ್ನಿಂದ ಕಲಿತ. ರಾತ್ರಿ ಹತ್ತಕ್ಕೆ ನಾವಿಬ್ಬರೂ ಡೆಬಿಟ್ಟು ಕ್ರೆಡಿಟ್ಟು ಅಂತ ಕೂತಿರುತ್ತಿದ್ದೆವು.

ಇದು ಎಲ್ಲರಿಗೂ ಇಷ್ಟ ಆಗಲಿಲ್ಲ. ನನಗೆ ಆಟ ಕಲಿಸಿದವರಲ್ಲಿ ಒಬ್ಬರು ಬೇಜಾರು ಮಾಡಿಕೊಂಡರು. ಎರಡು ದೋಣಿ ಮೇಲೆ ಕಾಲಿಟ್ಟರೆ ಮುಳುಗುತ್ತೀಯ ಅಂದರು. ಈ ಮಾತನ್ನು ನಮ್ಮಲ್ಲಿ ಪ್ರತಿಯೊಬ್ಬ ಆಟಗಾರ ಕೇಳಿರುತ್ತಾನೆ. ತಲೆಯಲ್ಲಿ ಬೇರೆ ದಾರಿ ಇದ್ದರೆ ಆಟದಲ್ಲಿ ಹಸಿವು ಇರಲ್ಲ ಅನ್ನುವುದು ಅವರ ನಂಬಿಕೆ. ನಾನು ಇದನ್ನು ಒಪ್ಪುವುದಿಲ್ಲ, ಖಡಾಖಂಡಿತವಾಗಿ ಒಪ್ಪುವುದಿಲ್ಲ. ರೈಡ್‌ಗೆ ಹೋದವನು ಎಷ್ಟೇ ಒಳಗೆ ನುಗ್ಗಿದರೂ ಮಧ್ಯದ ಗೆರೆ ಎಷ್ಟು ದೂರ ಇದೆ ಅಂತ ಅವನ ಬೆನ್ನಿಗೆ ಗೊತ್ತಿರುತ್ತೆ. ಹಾಗೆ ಗೊತ್ತಿರುವುದರಿಂದಲೇ ಅವನು ಧೈರ್ಯವಾಗಿ ಒಳಗೆ ಹೋಗುವುದು. ನನ್ನ ಅತ್ಯುತ್ತಮ ಆಟ ಬಂದದ್ದು ಎರಡನೇ ಸೀಸನ್‌ನಲ್ಲಿ, ಅಂದರೆ ಜಾಸ್ತಿ ಓದಿದ ವರ್ಷವೇ. ಪಂದ್ಯ ಸೋತ ರಾತ್ರಿ ಪುಸ್ತಕ ಹಿಡಿದರೆ ಆ ಸೋಲು ಬೆಳಗಿನವರೆಗೂ ತಲೆಯಲ್ಲಿ ಸುತ್ತುತ್ತಿರಲಿಲ್ಲ.

ನಮ್ಮ ಕ್ರಿಕೆಟಿಗ ಇ.ಎ.ಎಸ್. ಪ್ರಸನ್ನ ಅವರನ್ನೇ ನೋಡಿ. 1962ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸ. ಆಮೇಲೆ ಸುಮಾರು ಐದು ವರ್ಷ ಅವರು ಟೆಸ್ಟ್ ಆಡಲೇ ಇಲ್ಲ. ಎಂಜಿನಿಯರಿಂಗ್ ಓದು ಮುಗಿಸಿದರು. ಆ ಕಾಲದಲ್ಲಿ ಭಾರತ ತಂಡದ ಜಾಗ ಬಿಟ್ಟು ಓದಿಗೆ ಹೋಗುವುದು ಅಂದರೆ ಎಷ್ಟು ದೊಡ್ಡ ನಿರ್ಧಾರ, ಅಲ್ವಾ? ವಾಪಸ್ ಬಂದು, ಒಟ್ಟು ಲೆಕ್ಕದಲ್ಲಿ ತಮ್ಮ 20ನೇ ಟೆಸ್ಟ್‌ಗೇ 100 ವಿಕೆಟ್ ಮುಟ್ಟಿದರು. ಭಾರತೀಯರಲ್ಲಿ ಅದಕ್ಕಿಂತ ಬೇಗ 100 ಮುಟ್ಟಲು ಅಶ್ವಿನ್ ಬರಬೇಕಾಯಿತು. ಓದು ಅವರ ಆಫ್ ಸ್ಪಿನ್‌ನಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ. ಕುಂಬ್ಳೆ, ಶ್ರೀನಾಥ್ ಕೂಡ ಎಂಜಿನಿಯರಿಂಗ್ ಓದಿದವರೇ. ಕೊಡಗಿನ ಎಂ.ಪಿ. ಗಣೇಶ್ 1973ರ ಹಾಕಿ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ. ಆಟದ ನಂತರ ಕೋಚ್ ಆದರು, ಕ್ರೀಡಾ ಆಡಳಿತದಲ್ಲಿ ದೊಡ್ಡ ಜವಾಬ್ದಾರಿ ಹೊತ್ತರು.

ಇನ್ನೊಂದು ಕಡೆಯವರೂ ಇದ್ದಾರೆ. 1962ರ ನ್ಯಾಷನಲ್ ಗೇಮ್ಸ್‌ನಲ್ಲಿ ಮಿಲ್ಖಾ ಸಿಂಗ್ ಅವರನ್ನೇ ಸೋಲಿಸಿದ ಓಟಗಾರ ಮಖನ್ ಸಿಂಗ್, ಸೇನೆ ಬಿಟ್ಟ ಮೇಲೆ ಟ್ರಕ್ ಓಡಿಸಿದರು. ಕಾಲು ಕಳೆದುಕೊಂಡರು. ಕಷ್ಟದಲ್ಲೇ ತೀರಿಕೊಂಡರು. ದುಡ್ಡು ಜಾಸ್ತಿ ಇದ್ದರೆ ಹೀಗಾಗಲ್ಲ ಅಂತ ಹುಡುಗರು ವಾದಿಸುತ್ತಾರೆ. ಆದರೆ ಬಾಕ್ಸರ್ ಮೈಕ್ ಟೈಸನ್ 30 ಕೋಟಿ ಡಾಲರ್‌ಗೂ ಜಾಸ್ತಿ ಗಳಿಸಿ 2003ರಲ್ಲಿ ದಿವಾಳಿ ಅರ್ಜಿ ಹಾಕಿದರು. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಆಟಗಾರರ ಬಗ್ಗೆ 2015ರಲ್ಲಿ ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಮಾಡಿದರು. ನಿವೃತ್ತಿಯಾಗಿ 12 ವರ್ಷದೊಳಗೆ ಸುಮಾರು 16% ಆಟಗಾರರು ದಿವಾಳಿ ಆಗಿದ್ದರು. ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ಅಂಶ. ಜಾಸ್ತಿ ಗಳಿಸಿದವರು, ಜಾಸ್ತಿ ವರ್ಷ ಆಡಿದವರು ಇದರಿಂದ ತಪ್ಪಿಸಿಕೊಂಡಿದ್ದರು ಅಂತೇನೂ ಇರಲಿಲ್ಲ.

ಕಬಡ್ಡಿಯ ಕಥೆಯಲ್ಲಿ ಇನ್ನೊಂದು ತಿರುವು ಇದೆ. ಲೀಗ್ ಬರುವ ಮೊದಲು ಚೆನ್ನಾಗಿ ಆಡಿದವನಿಗೆ ರೈಲ್ವೆ, ಪೊಲೀಸ್, ಬ್ಯಾಂಕ್ ಕೆಲಸ ಸಿಗುತ್ತಿತ್ತು. ಸಂಬಳ ಕಮ್ಮಿ, ಆದರೆ ಪಿಂಚಣಿವರೆಗೂ ನಿಶ್ಚಿಂತೆ. ಎರಡನೇ ದಾರಿ ಆಟದ ಒಳಗೇ ಕಟ್ಟಿಟ್ಟ ಹಾಗಿತ್ತು. ಕರ್ನಾಟಕದ ಹುಡುಗರು ಆಸೆಯಿಂದ ನೋಡುತ್ತಿದ್ದ ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಲೀಗ್‌ನಲ್ಲಿ ದುಡ್ಡು ದೊಡ್ಡದು. 2014ರ ಹರಾಜಿನಲ್ಲಿ ಅತಿ ಹೆಚ್ಚಿನ ಬೆಲೆ 12.80 ಲಕ್ಷ, 2018ರಲ್ಲಿ 1.51 ಕೋಟಿ. ಪೇಪರ್‌ನಲ್ಲಿ ಬರುವುದು ಈ ಸಂಖ್ಯೆಗಳು. ನನ್ನಂಥವರ ಕಾಂಟ್ರ್ಯಾಕ್ಟ್ ಸಣ್ಣದು. ಅದೂ ಸಂಬಳ ಅಲ್ಲ, ಕೆಲವು ತಿಂಗಳ ಕೂಲಿ. ಇದನ್ನು ನಾನು ಬೇಗ ಅರ್ಥ ಮಾಡಿಕೊಂಡೆ ಅಂತ ಹೇಳಿದರೆ ಸುಳ್ಳಾಗುತ್ತೆ.

ಮೊದಲ ವರ್ಷದ ದುಡ್ಡಿನಲ್ಲಿ 2 ಲಕ್ಷ ಪರಿಚಯದವರೊಬ್ಬರ ಮಾತು ನಂಬಿ ಸೈಟ್‌ಗೆ ಅಡ್ವಾನ್ಸ್ ಕೊಟ್ಟೆ. ಆ ಲೇಔಟ್‌ಗೆ ಕನ್ವರ್ಷನ್ನೇ ಆಗಿರಲಿಲ್ಲ. ದುಡ್ಡು ಇವತ್ತಿಗೂ ಬಂದಿಲ್ಲ. ಟಿವಿಯಲ್ಲಿ ಮುಖ ಕಂಡ ಕೂಡಲೇ ಇಂಥವರು ಮನೆ ಹುಡುಕಿಕೊಂಡು ಬರುತ್ತಾರೆ. ಹುಷಾರಾಗಿರಿ.

ಅದೇ ವರ್ಷ ಒಂದು ಒಳ್ಳೆಯದೂ ಆಯಿತು. 8 ಲಕ್ಷದಲ್ಲಿ ತೆರಿಗೆಗೆ ಮೊದಲೇ ಮುರಿದುಕೊಳ್ಳುವ 10% ಟಿಡಿಎಸ್ ಅಂತ 80 ಸಾವಿರ ಹಿಡಿದಿದ್ದರು. ಹೋದದ್ದು ಹೋಯಿತು ಅಂದುಕೊಂಡಿದ್ದೆ. ಬಿ.ಕಾಂ. ಪುಸ್ತಕದಲ್ಲಿ ಆದಾಯ ತೆರಿಗೆಯ ಪಾಠ ಓದುವಾಗ ಅನುಮಾನ ಬಂತು. ಒಬ್ಬ ಸಿಎ ಹತ್ತಿರ ಹೋದೆ. ಶೂ, ಫಿಸಿಯೋ, ಪ್ರಯಾಣ, ಎಲ್ಲದರ ಬಿಲ್ ಇದೆಯಾ ಅಂತ ಕೇಳಿದರು. ನಾನು ಒಂದು ಬಿಸ್ಕತ್ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಸುರಿದೆ. ರಿಟರ್ನ್ ಸಲ್ಲಿಸಿದ ಮೇಲೆ 36 ಸಾವಿರ ವಾಪಸ್ ಬಂತು. ನಾಲ್ಕೈದು ಜೊತೆಗಾರರಿಗೆ ಹೇಳಿದೆ. ಅವರಲ್ಲಿ ಒಬ್ಬನೂ ಅಲ್ಲಿಯವರೆಗೆ ರಿಟರ್ನ್ ಸಲ್ಲಿಸಿರಲಿಲ್ಲ. ಎರಡನೇ ವರ್ಷದಿಂದ ದುಡ್ಡು ಬಂದ ದಿನವೇ ಅರ್ಧ ಭಾಗ ಬೇರೆ ಅಕೌಂಟ್‌ಗೆ ಹಾಕಿದೆ. ಆ ಅಕೌಂಟಿನ ಎಟಿಎಂ ಕಾರ್ಡ್ ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ.

ಮಂಡಿ ಆಪರೇಷನ್ ಖರ್ಚು ವಿಮೆಯಲ್ಲಿ ಆಯಿತು. ಆದರೆ ಎಸಿಎಲ್‌ನಲ್ಲಿ ಆಪರೇಷನ್ ಸಣ್ಣ ಕೆಲಸ. ಆಮೇಲಿನ ಒಂಬತ್ತು ತಿಂಗಳ ಫಿಸಿಯೋನೇ ದೊಡ್ಡದು. ಸೀಸನ್ ಮುಗಿದಿತ್ತು, ಕಾಂಟ್ರ್ಯಾಕ್ಟೂ ಮುಗಿದಿತ್ತು. ಆ ಖರ್ಚು ನನ್ನದೇ. ಪೆಟ್ಟಿಗೆಯಲ್ಲಿದ್ದ ಕಾರ್ಡ್ ಇಲ್ಲದಿದ್ದರೆ ನಾನು ಇವತ್ತು ಕುಂಟುತ್ತಿದ್ದೆ.

2020ರಲ್ಲಿ ಕೊರೊನಾದಿಂದ ಲೀಗ್ ನಡೆಯಲೇ ಇಲ್ಲ. ಜೂನ್ ಪರೀಕ್ಷೆ ಸೆಪ್ಟೆಂಬರ್‌ಗೆ ಹೋಯಿತು. ಮಾಸ್ಕ್ ಹಾಕಿಕೊಂಡು ಬರೆದು ಡಿಗ್ರಿ ಮುಗಿಸಿದೆ. 2021ರ ಆಗಸ್ಟ್‌ನಲ್ಲಿ ಹರಾಜು. ಮನೆಯವರೆಲ್ಲ ಫೋನ್ ಸುತ್ತ ಕೂತಿದ್ದರು. ನನ್ನ ಹೆಸರನ್ನು ಯಾರೂ ಕೂಗಲಿಲ್ಲ. ಅಮ್ಮ ಎದ್ದು ಒಳಗೆ ಹೋಗಿ ಅನ್ನಕ್ಕೆ ಇಟ್ಟರು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಡಿಗ್ರಿ ಇತ್ತು, ಉಳಿತಾಯ ಇತ್ತು, ಆದರೂ ಆ ಮೂರು ತಿಂಗಳು ನಾನು ಕುಸಿದುಹೋಗಿದ್ದೆ. ಹತ್ತು ವರ್ಷದಿಂದ ಬೆಳಗ್ಗೆ 5ಕ್ಕೆ ಏಳುವ ಮೈ. ಎದ್ದು ಶೂ ಹಾಕಿ ಬಾಗಿಲವರೆಗೆ ಬಂದು ನಿಂತುಬಿಡುತ್ತಿದ್ದೆ. ಹೋಗುವುದೆಲ್ಲಿಗೆ? ಅಣ್ಣ ಹೇಳಿದ ಸೋಮವಾರ ಬೆಳಗ್ಗೆ ಅಂದರೆ ಏನು ಅಂತ ಆಗ ಗೊತ್ತಾಯಿತು. ಕೆಲಸಕ್ಕಿಂತ ಮೊದಲು ನನಗೆ ಬೇಕಿದ್ದದ್ದು ಬೆಳಗ್ಗೆ 5 ಗಂಟೆಗೆ ಹೋಗಲು ಒಂದು ಜಾಗ. ದೈಹಿಕ ಶಿಕ್ಷಕರಾಗಲು ಓದುವ ಬಿ.ಪಿ.ಎಡ್.ಗೆ ಸೇರಿದ್ದು ಮುಖ್ಯವಾಗಿ ಅದಕ್ಕೇ. ಅಲ್ಲಿ ಬೆಳಗ್ಗೆ ಮೈದಾನ, ಆಮೇಲೆ ತರಗತಿ. ಎರಡು ವರ್ಷದ ಕೋರ್ಸ್. ಮೊದಲ ತಿಂಗಳಲ್ಲೇ ನಿದ್ದೆ ಸರಿಹೋಯಿತು. ಆಟ ಬಿಡುವವರು ಮೊದಲು ಇದನ್ನು ಯೋಚಿಸಿ. ಮನಸ್ಸು ಭಾರ ಅನ್ನಿಸಿದರೆ ಯಾರ ಹತ್ತಿರವಾದರೂ ಮಾತಾಡಿ. ನಾನು ಹರಿಯಾಣದ ಆ ರೂಮ್‌ಮೇಟ್‌ಗೆ ದಿನಾ ಫೋನ್ ಮಾಡುತ್ತಿದ್ದೆ.

ಈಗ ನಾನು ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಅದರ ಜೊತೆ ಇನ್ನೊಂದು ಸಣ್ಣ ವ್ಯವಹಾರವಿದೆ. ನಮ್ಮೂರುಗಳಲ್ಲಿ ಈಗ ಮಣ್ಣಿನ ಅಂಕಣದ ಬದಲು ಮ್ಯಾಟ್ ಕೇಳುತ್ತಾರೆ. ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದೊಂದು ಮೀಟರ್ ಚದರದ ತುಂಡುಗಳಾದರೆ ಅಂಕಣಕ್ಕೇ 130 ಬೇಕು, ಸುತ್ತಲೂ ಹಾಸಲು ಇನ್ನಷ್ಟು. ಊರಿನವರು ಒಂದು ರಾತ್ರಿಗೋಸ್ಕರ ಅಷ್ಟನ್ನು ಕೊಳ್ಳಲು ಆಗಲ್ಲ. ಉಳಿತಾಯದಲ್ಲಿ 1 ಲಕ್ಷ 40 ಸಾವಿರ ಕೊಟ್ಟು ಒಂದು ಸೆಟ್ ಹಳೆಯ ಮ್ಯಾಟ್ ತಗೊಂಡೆ. ಬಾಡಿಗೆಗೆ ಕೊಡುತ್ತೇನೆ. ಜಾತ್ರೆ ಸೀಸನ್‌ನಲ್ಲಿ ಶನಿವಾರ, ಭಾನುವಾರ ಬಿಡುವಿಲ್ಲ. ಮ್ಯಾಟ್ ಹಲ್ಲುಗಳು ಸವೆದಿದ್ದರೆ ಮಧ್ಯದಲ್ಲಿ ಸೀಳು ಬಿಡುತ್ತೆ, ಅದರಲ್ಲಿ ಬೆರಳು ಸಿಕ್ಕಿಕೊಂಡು ಮಂಡಿ ತಿರುಗುತ್ತೆ. ಹಾಗಾಗಿ ಪ್ರತಿ ತುಂಡನ್ನೂ ಬರಿಗಾಲಲ್ಲಿ ತುಳಿದು ನೋಡದೆ ಆಟಕ್ಕೆ ಬಿಡುವುದಿಲ್ಲ.

ತುಳಿದು ನೋಡುವವರು ಅಣ್ಣ. ಟೆಂಪೋ ಓಡಿಸುವವರೂ ಅವರೇ. ಕುಡಿತ ಬಿಟ್ಟು ಎರಡು ವರ್ಷ ಆಯಿತು. ಈ ಕೆಲಸದಲ್ಲಿ ಅವರದೂ ಪಾಲು ಇದೆ. ಹೋದ ತಿಂಗಳಿಂದ ಅವರು ರೆಫ್ರಿ ಪರೀಕ್ಷೆಗೆ ಓದುತ್ತಿದ್ದಾರೆ. ನಿಯಮದ ಪುಸ್ತಕ ಡ್ಯಾಶ್‌ಬೋರ್ಡ್ ಮೇಲೆ ಇರುತ್ತೆ. ಅವರು ಸ್ಟೀರಿಂಗ್ ಹಿಡಿದಿರುತ್ತಾರೆ, ನಾನು ಪ್ರಶ್ನೆ ಕೇಳುತ್ತೇನೆ.

“ಸೂಪರ್ ಟ್ಯಾಕಲ್‌ಗೆ ಎಷ್ಟು ಜನ ಡಿಫೆಂಡರ್ ಇರಬೇಕು?”

“ಮೂರು, ಇಲ್ಲಾಂದ್ರೆ ಅದಕ್ಕಿಂತ ಕಮ್ಮಿ.”

“ಅಂಕಣದ ಎರಡೂ ಅಂಚಿನ ಲಾಬಿ ಯಾವಾಗ ಆಟದೊಳಗೆ ಬರುತ್ತೆ?”

ಈ ಪ್ರಶ್ನೆಗೆ ಅವರು ಬಾಯಲ್ಲಿ ಉತ್ತರ ಹೇಳುವ ಮೊದಲೇ ಅವರ ಬಲಭುಜ, ಆ ಹಳೆಯ ಭುಜ, ತಾನಾಗಿಯೇ ಬಾಗಿಲ ಕಡೆ ಸ್ವಲ್ಪ ವಾಲುತ್ತೆ. “ಮೈ ಮುಟ್ಟಿದ ಮೇಲೆ,” ಅನ್ನುತ್ತಾರೆ. “ಮುಂದಿನದು ಕೇಳು.”