ಮಣ್ಣು ನಡೆದ ದಾರಿಯಲ್ಲೇ ಉದ್ಯಾನ

ನೇತ್ರಾವತಿಯ ದಂಡೆಯಲ್ಲಿ ಮುಚ್ಚಿಹೋಗಿದ್ದ ಹಂಚಿನ ಕಾರ್ಖಾನೆಯೊಂದನ್ನು ಸಾರ್ವಜನಿಕ ಉದ್ಯಾನವಾಗಿಸುವ ಹೊಣೆ ನನಗೆ ಬಂದಾಗ, ಮೊದಲ ನಕ್ಷೆಯಲ್ಲಿದ್ದದ್ದು ಹುಲ್ಲುಹಾಸು ಮತ್ತು ಕಾರಂಜಿ. 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಉದ್ಯಮವು ನದಿಯ ಜೇಡಿಮಣ್ಣನ್ನೂ ದೋಣಿಯ ಸಾಗಣೆಯನ್ನೂ ನಂಬಿ ಈ ದಂಡೆಗಳಲ್ಲಿ ಬೆಳೆದು, ತಾರಸಿ ಮನೆಗಳ ಕಾಲದಲ್ಲಿ ಸೊರಗಿತು. ಆ ಕಥೆಯನ್ನು ಹೇಳಬೇಕಾದ ನೆಲದಲ್ಲಿ ಕಾರಂಜಿಗೆ ಏನು ಕೆಲಸವೆಂದು ನನಗನ್ನಿಸಿತು. ಆದ್ದರಿಂದ ಮಣ್ಣು ಹಂಚಾಗುತ್ತ ನಡೆದ ದಾರಿಯನ್ನೇ ಸಂದರ್ಶಕರ ಕಾಲುದಾರಿಯಾಗಿಸಿದೆ: ದೋಣಿ ಕಟ್ಟೆಯಿಂದ ಮಣ್ಣು ಅರೆಯುವ ಯಂತ್ರಕ್ಕೆ, ಅಲ್ಲಿಂದ ಅಚ್ಚಿಗೆ, ಒಣಗಿಸುವ ಚಪ್ಪರಕ್ಕೆ, ಕೊನೆಗೆ ಭಟ್ಟಿಗೆ.

ಆ ದಾರಿಯನ್ನು ಗುರುತಿಸಿಕೊಟ್ಟವರು ಅಲ್ಲಿ ಹಸಿ ಹಂಚು ಹೊತ್ತಿದ್ದ ಹೆಂಗಸರು. ನಾನು ಸುಣ್ಣದಲ್ಲಿ ಎಳೆದಿದ್ದ ಗೆರೆಯನ್ನು ಕಂಡ ಹಿರಿಯರೊಬ್ಬರು, "ಇಲ್ಲಿ ಅಲ್ಲ ಮಗಾ, ಹಸಿ ಹಂಚು ಹೊತ್ತುಕೊಂಡು ಮೆಟ್ಟಿಲು ಹತ್ತಲಿಕ್ಕೆ ಆಗ್ತದಾ? ನಾವು ಆಚೆ ಬದಿಯಿಂದ ಹೋಗ್ತಿದ್ದೆವು" ಎಂದರು. ಅವರು ತೋರಿಸಿದ ಕಡೆ ಪೊದೆ ಕಡಿದಾಗ, ಕಾಲುಗಳು ಸವೆಸಿದ ಕೆಂಪುಕಲ್ಲಿನ ಇಳಿಜಾರು ಸಿಕ್ಕಿತು.

ಹೆಚ್ಚು ಸಮಯ ತೆಗೆದುಕೊಂಡದ್ದು ಹೊಗೆಕೊಳವೆ. ಅಶ್ವತ್ಥದ ಬೇರುಗಳು ಇಟ್ಟಿಗೆಗಳ ನಡುವೆ ಇಳಿದಿದ್ದವು; ಎಳೆದು ಕಿತ್ತರೆ ಗೋಡೆಯೇ ಬರುತ್ತಿತ್ತಾದ್ದರಿಂದ, ಕಾಂಡವನ್ನು ಕಡಿದು, ಬೇರು ಸಾಯುವವರೆಗೆ ಕಾದು, ಸಡಿಲವಾದ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಕೂರಿಸಿದೆವು. ಸಿಮೆಂಟನ್ನು ನಾನು ಒಪ್ಪಲಿಲ್ಲ. ಹಳೆಯ ಮೆದು ಇಟ್ಟಿಗೆಗಿಂತ ಅದು ಗಡುಸು, ಒಳಗಿನ ತೇವವನ್ನು ಹೊರಬಿಡದು, ಕೆಲವೇ ಮಳೆಗಾಲಗಳಲ್ಲಿ ಇಟ್ಟಿಗೆಯ ಮೈ ಸಿಪ್ಪೆಯಂತೆ ಏಳುತ್ತದೆ. ಅಂಗಳದಲ್ಲಿ ರಾಶಿ ಬಿದ್ದಿದ್ದ ಒಡಕು ಹಂಚುಗಳನ್ನೇ ಪುಡಿಮಾಡಿ, ಸುರಕಿಯಾಗಿ ಸುಣ್ಣಕ್ಕೆ ಬೆರೆಸಿದೆವು. ತೇವದಲ್ಲೂ ಗಟ್ಟಿಯಾಗುವ ಆ ಗಾರೆಯನ್ನು ಗೋಡೆಯ ಮೂಲೆಯೊಂದರಲ್ಲಿ ಹಚ್ಚಿ, ಒಂದು ಮಳೆಗಾಲ ಕಳೆದ ಮೇಲಷ್ಟೇ ಮೇಲಕ್ಕೆ ಏರಿದೆವು.

ಮಣ್ಣು ತೆಗೆದ ಹೊಂಡವನ್ನು ಮುಚ್ಚದೆ, ದಡವನ್ನು ಇಳಿಜಾರಾಗಿಸಿ ಕೆರೆಯಾಗಿ ಉಳಿಸಿಕೊಂಡೆವು. ಯಂತ್ರದ ಕೋಣೆಯಲ್ಲಿ ಎಣ್ಣೆ ಕುಡಿದಿದ್ದ ಮಣ್ಣನ್ನು ಮಾತ್ರ ಅಗೆದು ಹೊರಗೆ ಸಾಗಿಸಬೇಕಾಯಿತು.

ಭಟ್ಟಿಯ ಒಂದು ಕೋಣೆಯಲ್ಲಿ, ಸುಡುವ ಮುನ್ನ ಹಂಚನ್ನು ಜೋಡಿಸುತ್ತಿದ್ದ ಕ್ರಮದಲ್ಲೇ ಆ ಹೆಂಗಸರು ಸಾಲು ಪೇರಿಸಿಕೊಟ್ಟಿದ್ದಾರೆ. ಬೆಂಕಿಯ ಗಾಳಿ ಹಾಯಲು ಹಂಚು ಹಂಚಿನ ನಡುವೆ ಅವರು ಬಿಟ್ಟ ಸಂದು ಈಗಲೂ ಬೆರಳಿನಿಂದ ಅಳೆದಂತೆ ಸಮವಾಗಿದೆ.