ಇರಾನಿನ ಮಹಿಳಾ ಫುಟ್‌ಬಾಲ್ ಕುರಿತು ಭಾಷಣ ಸಿದ್ಧಪಡಿಸುವ ಬಗೆ

ಮಹಿಳಾ ದಿನಾಚರಣೆಗೆಂದು ಇರಾನಿನ ಆಟಗಾರ್ತಿಯರ ಬಗ್ಗೆ ಮಾತನಾಡಲು ಮೈಸೂರಿನ ಕಾಲೇಜೊಂದರ ವಿದ್ಯಾರ್ಥಿನಿ ಸಿದ್ಧಳಾಗುವುದಾದರೆ, ‘ಅಲ್ಲಿ ಹೆಣ್ಣುಮಕ್ಕಳು ಫುಟ್‌ಬಾಲ್ ಆಡುವಂತಿಲ್ಲ’ ಎಂಬ ಮಾತಿನಿಂದ ಆರಂಭಿಸಬಾರದು, ಅದು ನಿಜವಲ್ಲ. ಇರಾನಿಗೆ ಮಹಿಳಾ ರಾಷ್ಟ್ರೀಯ ತಂಡವಿದೆ, ಲೀಗ್ ಕೂಡ ಇದೆ. 2022ರ ಜನವರಿ 20ರಂದು ನವಿ ಮುಂಬೈಯಲ್ಲಿ ನಡೆದ ಏಷ್ಯಾ ಕಪ್ ಪಂದ್ಯದಲ್ಲಿ ಆ ತಂಡ ಭಾರತಕ್ಕೆ ಒಂದು ಗೋಲನ್ನೂ ಬಿಟ್ಟುಕೊಡದೆ 0–0 ಸಮ ಮಾಡಿಕೊಂಡಿತು. ಈ ಪಂದ್ಯದಿಂದಲೇ ಮಾತು ಶುರುವಾದರೆ, ಓವಲ್ ಮೈದಾನದಲ್ಲಿ ಆಡಿ ಬಂದ ಹುಡುಗಿಯರೂ ಕಿವಿಗೊಟ್ಟು ಕೇಳುತ್ತಾರೆ.

ಬರೆಯಲು ಕೂರುವ ಮೊದಲು ಒಂದು ಹಾಳೆಯಲ್ಲಿ ನಿರ್ಬಂಧಗಳನ್ನೆಲ್ಲ ಗುರುತು ಹಾಕಿಕೊಂಡು, ಪ್ರತಿಯೊಂದರ ಎದುರಿಗೆ ಅದನ್ನು ಹೇರಿದವರು ಯಾರೆಂದು ಬರೆಯಬೇಕು. ಇಡೀ ಭಾಷಣದ ಬಲ ಇರುವುದು ಈ ಕೆಲಸದಲ್ಲಿಯೇ.

ವಿದೇಶ ಪ್ರಯಾಣದ ನಿರ್ಬಂಧ ಲಿಖಿತ ಕಾನೂನು: ವಿವಾಹಿತೆಗೆ ಪಾಸ್‌ಪೋರ್ಟ್ ಸಿಗಬೇಕಾದರೆ ಗಂಡನ ಒಪ್ಪಿಗೆ ಬೇಕು. ಈ ನಿಯಮ 1973ರದು, ಅಂದರೆ ಇಸ್ಲಾಮಿಕ್ ಕ್ರಾಂತಿಗಿಂತ ಹಿಂದಿನದು ಎಂಬುದನ್ನು ಮರೆಯದೆ ಹೇಳಬೇಕು. 2015ರಲ್ಲಿ ಇರಾನ್ ತಂಡದ ನಾಯಕಿ ನಿಲೂಫರ್ ಅರ್ದಲಾನ್ ಅವರಿಗೆ ಗಂಡ ಒಪ್ಪದ ಕಾರಣ ಏಷ್ಯಾ ಫುಟ್ಸಾಲ್ (ಐವರ ತಂಡಗಳ ಒಳಾಂಗಣ ಫುಟ್‌ಬಾಲ್) ಟೂರ್ನಿ ತಪ್ಪಿತು. ಅದೇ ವರ್ಷದ ಕೊನೆಯಲ್ಲಿ ನ್ಯಾಯಾಂಗದ ಅನುಮತಿ ಪಡೆದು ಅವರು ಗ್ವಾಟೆಮಾಲಾಕ್ಕೆ ಹೋಗಿ ಆಡಿದರು.

ಕ್ರೀಡಾಂಗಣದಲ್ಲಿ ಕುಳಿತು ಗಂಡಸರ ಪಂದ್ಯ ನೋಡುವುದಕ್ಕಿದ್ದ ತಡೆಯ ಕಥೆ ಬೇರೆ. ಸಂಸತ್ತು ಅಂಗೀಕರಿಸಿದ ಶಾಸನವಿಲ್ಲದೆಯೇ ಅದು ದಶಕಗಳ ಕಾಲ ಜಾರಿಯಲ್ಲಿತ್ತು. ಗಂಡಿನ ವೇಷದಲ್ಲಿ ಪಂದ್ಯಕ್ಕೆ ಹೋಗಿ ಬಂಧನಕ್ಕೊಳಗಾಗಿದ್ದ ಸಹರ್ ಖೊದಾಯಾರಿ 2019ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಮೇಲೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾದ ಒತ್ತಡ ಹೆಚ್ಚಿತು. ಅಕ್ಟೋಬರ್ 10ರಂದು ಟೆಹ್ರಾನಿನ ಆಜಾದಿ ಕ್ರೀಡಾಂಗಣದಲ್ಲಿ ಕಾಂಬೋಡಿಯಾ ವಿರುದ್ಧದ ಪಂದ್ಯಕ್ಕೆ ಮಹಿಳೆಯರು ಟಿಕೆಟ್ ಕೊಂಡು ಒಳಗೆ ಹೋದರು. ಆಕೆಯ ಸಾವನ್ನು ಒಂದೇ ವಾಕ್ಯದಲ್ಲಿ, ವಿವರಗಳಿಗೆ ಹೋಗದೆ ಹೇಳಿ ಮುಂದುವರಿಯುವುದು ಸೂಕ್ತ.

ಸಭಿಕರು ನಿರೀಕ್ಷಿಸದ ಸಂಗತಿ ತಲೆವಸ್ತ್ರದ್ದು. 2011ರಲ್ಲಿ ಒಲಿಂಪಿಕ್ ಅರ್ಹತಾ ಪಂದ್ಯಕ್ಕೆಂದು ಜೋರ್ಡನ್‌ಗೆ ಹೋದ ಇರಾನಿನ ತಂಡವನ್ನು ಆಡದಂತೆ ತಡೆದದ್ದು ಟೆಹ್ರಾನ್ ಅಲ್ಲ, ಫಿಫಾ. ಕೊರಳಿಗೆ ಅಪಾಯವೆಂಬ ಕಾರಣ ಕೊಟ್ಟು ತಲೆವಸ್ತ್ರವನ್ನು ನಿಷೇಧಿಸಲಾಗಿತ್ತು. ತಲೆವಸ್ತ್ರವಿಲ್ಲದೆ ಆಡಲು ಸ್ವದೇಶ ಬಿಡದು, ತಲೆವಸ್ತ್ರ ತೊಟ್ಟು ಆಡಲು ಫಿಫಾ ಬಿಡದು. ಆಟಗಾರ್ತಿಯರದು ಅತ್ತ ದರಿ ಇತ್ತ ಪುಲಿ ಎಂಬ ಸ್ಥಿತಿ. ನಿಷೇಧ ಪೂರ್ಣವಾಗಿ ತೆರವಾದದ್ದು 2014ರಲ್ಲಿ.

ಇಲ್ಲಿ ಒಂದು ಕ್ರೀಡಾ ತಲೆವಸ್ತ್ರವನ್ನು ಕೈಯಲ್ಲಿ ಹಿಡಿದು ತೋರಿಸಿದರೆ ವಿವರಣೆಯ ಅರ್ಧ ಶ್ರಮ ಉಳಿಯುತ್ತದೆ. ಈಗಿನ ನಿಯಮದಂತೆ ಅದು ಕಪ್ಪು ಅಥವಾ ಅಂಗಿಯ ಮುಖ್ಯ ಬಣ್ಣದ್ದಾಗಿರಬೇಕು, ಅಂಗಿಗೆ ಹೊಲಿದಿರಬಾರದು, ಅಂಚು ಹೊರಚಾಚಿರಬಾರದು, ಕೊರಳ ಬಳಿ ಚುಚ್ಚುವಂಥದ್ದು ಏನೂ ಇರಬಾರದು. ಪಿನ್ನು ಚುಚ್ಚಿದ ಸಾಮಾನ್ಯ ದುಪಟ್ಟಾವನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಹಿಂದಿನ ಸಾಲಿಗೂ ಕಾಣುತ್ತದೆ.

ನಮ್ಮ ರಾಜ್ಯದ ಸಮವಸ್ತ್ರ ವಿವಾದವನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಅದರ ಕಾನೂನು, ನ್ಯಾಯಾಲಯ, ವಾದ ಎಲ್ಲವೂ ಪ್ರತ್ಯೇಕವಾದುದರಿಂದ, ಇರಾನಿನ ಉದಾಹರಣೆಯನ್ನು ಇತ್ತ ಎಳೆದು ಯಾವ ಪಕ್ಷಕ್ಕೂ ಆಯುಧ ಒದಗಿಸದೆ, ಆ ಚರ್ಚೆಗೆ ಬೇರೊಂದು ದಿನ ಗೊತ್ತುಮಾಡುವಂತೆ ಅಧ್ಯಕ್ಷರನ್ನು ಕೋರುವುದು ಮೇಲು.